ಗುರಿಗೂ ಒಂದು ಹೊತ್ತು ಗೊತ್ತು ಬೇಕು

ಗುರಿ ಇಟ್ಟುಕೊಳ್ಳಿ ಅಂತ ಬುದ್ಧಿ ಹೇಳುವವರಿಗೆ ನಮ್ಮ ದಾವಣಗೆರೆಯಲ್ಲಿ ಬರ ಇಲ್ಲ. ಕಾಲೇಜು ಸಮಾರಂಭಕ್ಕೆ ಬಂದ ಮುಖ್ಯ ಅತಿಥಿ ಹೇಳುತ್ತಾರೆ, ಕೋಚಿಂಗ್ ಸೆಂಟರಿನ ಬ್ಯಾನರ್ ಹೇಳುತ್ತದೆ, ಬೆಳಗ್ಗೆ ಎದ್ದು ಮೊಬೈಲ್ ತೆಗೆದರೆ ಸೂರ್ಯೋದಯದ ಚಿತ್ರದ ಮೇಲೆ ಅದನ್ನೇ ಬರೆದು ಯಾರೋ ಕಳಿಸಿರುತ್ತಾರೆ. ಇಟ್ಟುಕೊಂಡ ಮೇಲೆ ಮುಂದೇನು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಒತ್ತಾಯ ಮಾಡಿ ಕೇಳಿದರೆ "ಛಲ ಬೇಕು" ಅನ್ನುತ್ತಾರೆ. ಛಲ ಎಲ್ಲಿಂದ ತರೋದು, ಮಂಡಿಪೇಟೆಯಲ್ಲಿ ಸಿಗುತ್ತಾ?

ಗುರಿ ಮುಟ್ಟುವವರು ಹೇಗೆ ಮುಟ್ಟುತ್ತಾರೆ ಅಂತ ಮನಶ್ಶಾಸ್ತ್ರದವರು ಐವತ್ತು ವರ್ಷಕ್ಕೂ ಮೇಲಿಂದ ಪ್ರಯೋಗ ಮಾಡುತ್ತಾ ಬಂದಿದ್ದಾರೆ. ಅದರಲ್ಲಿ ಗಟ್ಟಿಯಾಗಿ ನಿಂತ ಸಂಗತಿಗಳು ಕೆಲವೇ. ವೇದಿಕೆ ಮೇಲಿನ ಭಾಷಣಕ್ಕೂ ಅವಕ್ಕೂ ಅಷ್ಟಾಗಿ ಕೂಡಿಬರುವುದಿಲ್ಲ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಬರುವ ಮೂರು ಗುರಿ ಇವೆಯಲ್ಲ, ತೂಕ ಇಳಿಸೋದು, ಒಂದಿಷ್ಟು ದುಡ್ಡು ಉಳಿಸೋದು, ಸರ್ಕಾರಿ ಕೆಲಸದ ಪರೀಕ್ಷೆ ಪಾಸು ಮಾಡೋದು, ಅವನ್ನೇ ಇಟ್ಟುಕೊಂಡು ನೋಡೋಣ.

ಅದಕ್ಕೂ ಮೊದಲು ಒಂದು ಸುಳ್ಳನ್ನು ಆಚೆ ಹಾಕಬೇಕು. ನೀವೂ ಕೇಳಿರುತ್ತೀರಿ. 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಹೊರಟವರಲ್ಲಿ ನೂರಕ್ಕೆ ಮೂರು ಜನ ಮಾತ್ರ ಗುರಿಯನ್ನು ಬರೆದಿಟ್ಟುಕೊಂಡಿದ್ದರಂತೆ, ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಆ ಮೂವರ ಆಸ್ತಿ ಉಳಿದ ತೊಂಬತ್ತೇಳು ಜನರ ಆಸ್ತಿಯನ್ನೆಲ್ಲ ಕೂಡಿಸಿದರೂ ಜಾಸ್ತಿ ಇತ್ತಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಅಂಥ ಅಧ್ಯಯನವೇ ನಡೆದಿಲ್ಲ. 1996ರಲ್ಲಿ ಅಮೆರಿಕದ್ದೇ ಒಂದು ಪತ್ರಿಕೆ ಇದರ ಮೂಲ ಹುಡುಕಿಕೊಂಡು ಹೊರಟಾಗ, ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದ ಭಾಷಣಕಾರರು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಬರೆದಿಡೋದು ತಪ್ಪು ಅಂತಲ್ಲ. ಬರೆದ ಮಾತ್ರಕ್ಕೆ ಏನೂ ಆಗೋದಿಲ್ಲ, ಅಷ್ಟೇ.

ಹಾಗಾದರೆ ನಿಜವಾಗಿ ನಡೆದ ಪ್ರಯೋಗ ಏನು ಹೇಳುತ್ತವೆ? ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅಂತ ಇಬ್ಬರು ಈ ವಿಷಯದಲ್ಲಿ ದೊಡ್ಡ ಹೆಸರು. ಲಾಕ್ 1968ರಲ್ಲೇ ಒಂದು ಮಾತು ಹೇಳಿದ್ದರು: "ನಿನ್ನ ಕೈಲಾದಷ್ಟು ಮಾಡು" ಅನ್ನೋದಕ್ಕಿಂತ, ಇಷ್ಟು ಅಂತ ಲೆಕ್ಕ ಹೇಳಿ, ಅದೂ ಸ್ವಲ್ಪ ಕಷ್ಟದ ಲೆಕ್ಕ ಕೊಟ್ಟರೆ ಜನ ಜಾಸ್ತಿ ಮಾಡುತ್ತಾರೆ. ಲೇಥಮ್ ಅದನ್ನು ಲಾರಿ ಡ್ರೈವರ್‌ಗಳ ಮೇಲೆ ಪರೀಕ್ಷೆ ಮಾಡಿದರು. ಓಕ್ಲಹೋಮಾ ರಾಜ್ಯದಲ್ಲಿ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮಾತ್ರ ಹೇರಿಕೊಂಡು ಓಡಾಡುತ್ತಿದ್ದವು. ನಮ್ಮ ಎಪಿಎಂಸಿಯಿಂದ ಮೆಕ್ಕೆಜೋಳ ಹೇರಿಕೊಂಡು ಹೋಗುವ ಲಾರಿಗಳದ್ದು ಉಲ್ಟಾ ಕಥೆ ಬಿಡಿ. ಅಲ್ಲಿ ಡ್ರೈವರ್‌ಗಳಿಗೆ "94ಕ್ಕೆ ತನ್ನಿ" ಅಂತ ಒಂದು ಸಂಖ್ಯೆ ಕೊಟ್ಟರು. ಸಂಬಳ ಜಾಸ್ತಿ ಇಲ್ಲ, ಮುಟ್ಟದಿದ್ದರೆ ಶಿಕ್ಷೆಯೂ ಇಲ್ಲ. ಮೊದಲ ತಿಂಗಳು ಭಾರ ಏರಿತು, ಎರಡನೇ ತಿಂಗಳು ಸ್ವಲ್ಪ ಇಳಿಯಿತು. ಶಿಕ್ಷೆ ಇಲ್ಲ ಅಂದದ್ದು ಹೌದೋ ಅಲ್ಲವೋ ಅಂತ ನೋಡಿದ್ದಿರಬೇಕು, ಡ್ರೈವರ್‌ಗಳು ಎಲ್ಲಾ ಊರಲ್ಲೂ ಡ್ರೈವರ್‌ಗಳೇ. ಮೂರನೇ ತಿಂಗಳಿಗೆ 90 ದಾಟಿತು, ಆಮೇಲೂ ಅಲ್ಲೇ ನಿಂತಿತು. ಇದು ಅಚ್ಚಾದದ್ದು 1975ರಲ್ಲಿ.

ಇದನ್ನು ಓದಿದ ಕೂಡಲೇ ಎಲ್ಲಕ್ಕೂ ಒಂದು ಸಂಖ್ಯೆ ಅಂಟಿಸಿಬಿಡೋಣ ಅನಿಸುತ್ತದೆ. ಇಲ್ಲೇ ನಮ್ಮ ಪರೀಕ್ಷೆ ಹುಡುಗರು ಎಡವೋದು. ಲಾರಿಗೆ ದಿಮ್ಮಿ ಹೇರೋದು ಆ ಡ್ರೈವರ್‌ಗಳಿಗೆ ಗೊತ್ತಿದ್ದ ಕೆಲಸ. ಗೊತ್ತಿಲ್ಲದ ಕೆಲಸಕ್ಕೆ ಇದೇ ಮದ್ದು ತಿರುಗಿ ಹೊಡೆಯುತ್ತದೆ. ರೂತ್ ಕಾನ್ಫರ್, ಫಿಲಿಪ್ ಅಕರ್‌ಮನ್ ಅನ್ನುವವರು 1989ರಲ್ಲಿ ಅಮೆರಿಕದ ವಾಯುಪಡೆಗೆ ತರಬೇತಿಗೆ ಬಂದವರಿಗೆ ಕಂಪ್ಯೂಟರಿನಲ್ಲಿ ವಿಮಾನ ಇಳಿಸುವ ಕೆಲಸ ಕೊಟ್ಟು ನೋಡಿದ್ದರು. ಇನ್ನೂ ಕೆಲಸವನ್ನು ಅರ್ಥ ಮಾಡಿಕೊಳ್ಳುತ್ತಿರುವಾಗಲೇ "ಇಷ್ಟು ಅಂಕ ತೆಗಿ" ಅಂತ ಗುರಿ ಕೊಟ್ಟರೆ ಅದರಿಂದ ಲಾಭ ಆಗಲಿಲ್ಲ, ಅಡ್ಡಿಯೇ ಆಯಿತು. ಕಾರಣ ಸರಳ. ಹೊಸ ಕೆಲಸ ಕಲಿಯೋಕೆ ತಲೆ ಪೂರ್ತಿ ಬೇಕು. ಅದರಲ್ಲಿ ಅರ್ಧ ಅಂಕದ ಚಿಂತೆಗೇ ಹೋದರೆ ಕಲಿಯೋದು ಯಾವಾಗ?

ಈಗ ವಿದ್ಯಾನಗರದ ರೂಮುಗಳಲ್ಲಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ಓದುತ್ತಿರುವವರನ್ನು ನೆನಪಿಸಿಕೊಳ್ಳಿ. ಬಂದ ಮೊದಲ ವಾರವೇ ಗೋಡೆಗೆ ಒಂದು ಚೀಟಿ ಅಂಟಿರುತ್ತದೆ: ದಿನಕ್ಕೆ 14 ಗಂಟೆ. ನನ್ನ ಪ್ರಕಾರ ಈ ಗಂಟೆಯ ಗುರಿಯಷ್ಟು ಮೋಸದ್ದು ಇನ್ನೊಂದಿಲ್ಲ. ಲೈಬ್ರರಿಯಲ್ಲಿ ಕುರ್ಚಿ ಹಿಡಿದು ಕೂತಿದ್ದೂ ಅದರಲ್ಲಿ ಸೇರುತ್ತದೆ, ಬ್ಯಾಗ್ ಇಟ್ಟು ಟೀಗೆ ಹೋಗಿದ್ದೂ ಸೇರುತ್ತದೆ. ಶುರುವಿನ ತಿಂಗಳುಗಳಲ್ಲಿ ಗುರಿ ಇರಬೇಕಾದದ್ದು ಕಲಿಯುವುದರ ಮೇಲೆ. ಈ ವಾರ ಶೇಕಡಾವಾರು ಲೆಕ್ಕವನ್ನು ಎರಡು ಮೂರು ದಾರಿಯಲ್ಲಿ ಬಿಡಿಸೋಕೆ ಬರಬೇಕು, ಹಳೇ ಪ್ರಶ್ನೆಪತ್ರಿಕೆಯಲ್ಲಿ ನಾನು ತಪ್ಪು ಮಾಡಿದ ಸಂವಿಧಾನದ ಪ್ರಶ್ನೆಗಳು ಯಾಕೆ ತಪ್ಪಾದವು ಅಂತ ಬರೆದಿಡಬೇಕು, ಹೀಗೆ. ಬುಡ ಗಟ್ಟಿಯಾದ ಮೇಲೆ, ಟೈಮ್ ಇಟ್ಟುಕೊಂಡು ಪತ್ರಿಕೆ ಬಿಡಿಸುವ ಹಂತಕ್ಕೆ ಬಂದ ಮೇಲೆ, ಆಗ ಲಾರಿ ಡ್ರೈವರ್‌ಗಳ ಸಂಖ್ಯೆ ಕೆಲಸಕ್ಕೆ ಬರುತ್ತದೆ. ಹೋದ ವಾರ 58 ಬಂತು, ಈ ವಾರ 64 ಬರಬೇಕು ಅಂತ ಆಗ ಹಟ ಹಿಡಿಯಿರಿ.

ಸರಿ, ಗುರಿ ಸ್ಪಷ್ಟ ಆಯ್ತು. ಆದರೂ ಆಗೋದಿಲ್ಲವಲ್ಲ, ಯಾಕೆ?

ಇದಕ್ಕೆ ಉತ್ತರ ಚೌಕಿಪೇಟೆಯ ಯಾವುದಾದರೂ ಸಣ್ಣ ಬಟ್ಟೆ ಅಂಗಡಿಯಲ್ಲಿ ಸಂಜೆ ಹೊತ್ತು ಸಿಗುತ್ತದೆ. ಪಿಗ್ಮಿಯವರು ಬರುತ್ತಾರೆ. ಬೈಕ್ ಸ್ಟ್ಯಾಂಡ್ ಹಾಕಿ ಒಳಗೂ ಬರುವುದಿಲ್ಲ, ಮೆಟ್ಟಿಲ ಮೇಲೇ ನಿಂತು "ಸಾವ್ಕಾರ್ರೇ" ಅನ್ನುತ್ತಾರೆ. ಸಾವ್ಕಾರರು ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಾ, ಆ ಕಡೆ ತಿರುಗಿ ನೋಡದೆಯೇ ಗಲ್ಲಾದಿಂದ ನೂರರದ್ದೋ ಇನ್ನೂರರದ್ದೋ ನೋಟು ತೆಗೆದು ಚಾಚುತ್ತಾರೆ. ಪುಟ್ಟ ಮಷಿನ್ ಟರ್ ಅಂತ ಚೀಟಿ ಉಗುಳುತ್ತದೆ. ಚೀಟಿ ಗಲ್ಲಾಕ್ಕೆ, ಪಿಗ್ಮಿಯವರು ಪಕ್ಕದ ಅಂಗಡಿಗೆ. ಇಷ್ಟಕ್ಕೆ ಅರ್ಧ ನಿಮಿಷ ಹಿಡಿಯುವುದಿಲ್ಲ. ಇದೇ ಸಾವ್ಕಾರರಿಗೆ ತಿಂಗಳ ಕೊನೆಗೆ ಉಳಿದದ್ದನ್ನು ಬ್ಯಾಂಕಿಗೆ ಕಟ್ಟಿ ಬನ್ನಿ ಅಂತ ಹೇಳಿ ನೋಡಿ. ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ.

ಪಿಗ್ಮಿ ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಜನರ ಮನೆ ಬಾಗಿಲಿಗೇ ಹೋಗಿ ವಸೂಲಿ ಮಾಡೋಕೆ ಶುರು ಮಾಡಿತು. ಅದರ ಜಾಣತನ ಮೊತ್ತ ಸಣ್ಣದು ಅನ್ನೋದರಲ್ಲಿ ಮಾತ್ರ ಇಲ್ಲ. ಉಳಿಸಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಸಾವ್ಕಾರರು ದಿನಾ ಮಾಡುವುದಿಲ್ಲ. ಖಾತೆ ತೆರೆದ ದಿನ ಒಮ್ಮೆ ಮಾಡಿ ಮುಗಿಸಿದ್ದಾರೆ. ಆಮೇಲೆ ಬಾಗಿಲಲ್ಲಿ ಆ ಮುಖ ಕಂಡರೆ ಸಾಕು, ಕೈ ತಾನೇ ಗಲ್ಲಾಕ್ಕೆ ಹೋಗುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೊಂಬತ್ತರ ದಶಕದಲ್ಲಿ ತೋರಿಸಿಕೊಟ್ಟಿದ್ದು ಹೆಚ್ಚು ಕಡಿಮೆ ಇದನ್ನೇ. "ನಾನು ವಾಕಿಂಗ್ ಮಾಡಬೇಕು" ಅನ್ನೋದು ಬರೀ ಆಸೆ. "ಇಂಥದ್ದು ಆದ ತಕ್ಷಣ, ಇಂಥ ಜಾಗದಲ್ಲಿ, ನಾನು ಇದನ್ನು ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿಕೊಂಡರೆ ಅದರ ಬಲವೇ ಬೇರೆ. ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಜೊತೆಗಾರರು 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಮುಂದಿನ ವಾರದಲ್ಲಿ ಒಂದು ಸಲವಾದರೂ 20 ನಿಮಿಷ ವ್ಯಾಯಾಮ ಮಾಡುತ್ತಾರಾ ಅಂತ ನೋಡಿದರು. ಒಂದು ಗುಂಪಿಗೆ ಏನೂ ಹೇಳಲಿಲ್ಲ, ನೂರಕ್ಕೆ 38 ಜನ ಮಾಡಿದರು. ಇನ್ನೊಂದು ಗುಂಪಿಗೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಓದಿಸಿದರು, 35 ಜನ ಮಾಡಿದರು. ಹೌದು, ಭಾಷಣ ಕೇಳಿದವರೂ ಕೇಳದವರೂ ಒಂದೇ. ಮೂರನೇ ಗುಂಪಿಗೆ ಅದನ್ನೇ ಓದಿಸಿ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಒಂದು ಸಾಲು ಬರೆಸಿದರು. ಅದರಲ್ಲಿ 91 ಜನ ಮಾಡಿದರು. ಒಂದೇ ವಾರದ ಲೆಕ್ಕ, ಅವರವರೇ ಹೇಳಿದ ಲೆಕ್ಕ, ಅದು ನೆನಪಿರಲಿ. ಆದರೆ ಆಮೇಲೆ ಇಂಥ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹೊತ್ತು ಜಾಗ ಗೊತ್ತು ಮಾಡಿಕೊಂಡವರೇ ಮುಂದಿದ್ದರು.

ಹೊತ್ತು ಅಂದರೆ ಗಡಿಯಾರದ ಹೊತ್ತೇ ಆಗಬೇಕಿಲ್ಲ. ನನ್ನ ಕೇಳಿದರೆ ಗಡಿಯಾರಕ್ಕಿಂತ ಘಟನೆ ಮೇಲು. ಬೆಳಗ್ಗೆ ಆರಕ್ಕೆ ಕುಂದವಾಡ ಕೆರೆಗೆ ಹೋಗ್ತೀನಿ ಅಂದುಕೊಂಡವರು ಆರೂಕಾಲಿಗೆ ಎದ್ದರೆ "ಇವತ್ತು ತಪ್ಪಿತು, ನಾಳೆ ನೋಡೋಣ" ಅಂತ ಮತ್ತೆ ಹೊದ್ದುಕೊಳ್ಳುತ್ತಾರೆ. "ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಕೂಡಲೇ ಮನೆ ಕಡೆ ತಿರುಗದೆ ಹಾಗೇ ಪಾರ್ಕಿಗೆ ಹೋಗ್ತೀನಿ" ಅಂದುಕೊಂಡವರಿಗೆ ಆ ನೆಪ ಸಿಗೋದಿಲ್ಲ. ವ್ಯಾನ್ ದಿನಾ ಬರುತ್ತದೆ, ಲೇಟಾದರೂ ಬರುತ್ತದೆ. ಹೆಂಗಸರಿಗಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ಮನೆಯಲ್ಲಿ ಅವರ ಹೊತ್ತು ಅವರ ಕೈಯಲ್ಲಿ ಇರೋದೇ ಕಮ್ಮಿ. ಅತ್ತೆಯ ಮಾತ್ರೆ, ಗಂಡನ ಬುತ್ತಿ, ಹಾಲಿನವನು, ನೀರು ಬಿಡುವ ಸಮಯ. ಇವುಗಳಲ್ಲಿ ಯಾವುದು ದಿನಾ ತಪ್ಪದೆ ಆಗುತ್ತದೋ ಅದರ ಬಾಲಕ್ಕೆ ನಿಮ್ಮ ಕೆಲಸವನ್ನು ಕಟ್ಟಿ.

ಇನ್ನು ಅಡ್ಡಿಗಳು. ಗುರಿ ಮುಟ್ಟಿದ ಹಾಗೆ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ, ಆಗಿಯೇ ಬಿಡುತ್ತದೆ ಅಂತ ಹೇಳುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಗೇಬ್ರಿಯಲ್ ಓಟಿಂಗನ್ ಅನ್ನುವ ಸಂಶೋಧಕಿ ತೂಕ ಇಳಿಸುವ ಒಂದು ಕಾರ್ಯಕ್ರಮಕ್ಕೆ ಸೇರಿದ್ದ ಹೆಂಗಸರನ್ನು ಒಂದು ವರ್ಷ ಗಮನಿಸಿದರು, ಫಲಿತಾಂಶ ಬಂದದ್ದು 1991ರಲ್ಲಿ. ತೆಳ್ಳಗಾದ ಹಾಗೆ, ಎದುರಿಗೆ ತಿಂಡಿ ಇದ್ದರೂ ಆಸೆಯೇ ಆಗದ ಹಾಗೆ ಸೊಗಸಾಗಿ ಕಲ್ಪಿಸಿಕೊಂಡವರು, ಹಾಗೆ ಕಲ್ಪಿಸಿಕೊಳ್ಳದವರಿಗಿಂತ ಸುಮಾರು 11 ಕೆ.ಜಿ. ಕಡಿಮೆ ಇಳಿಸಿದ್ದರು. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಬೇರೆ, ಅದು ಇದ್ದವರು ಚೆನ್ನಾಗಿಯೇ ಇಳಿಸಿದರು. ಆಗಿಯೇ ಹೋಯ್ತು ಅನ್ನುವ ಕನಸು ಬೇರೆ. ಕನಸಿನಲ್ಲೇ ಹೊಟ್ಟೆ ತುಂಬಿದರೆ ಕಾಲು ಎದ್ದು ನಡೆಯೋದಿಲ್ಲ.

ಹಾಗಾಗಿ ಅವರು ಹೇಳುವ ದಾರಿ: ಏನು ಬೇಕು ಅಂತ ನೋಡಿ, ಸಿಕ್ಕರೆ ಹೇಗಿರುತ್ತದೆ ಅಂತ ಒಂದು ನಿಮಿಷ ಸಂತೋಷಪಡಿ, ಆಮೇಲೆ ನಿಮ್ಮೊಳಗೇ ಇರುವ ಅಡ್ಡಿ ಯಾವುದು ಅಂತ ಪ್ರಾಮಾಣಿಕವಾಗಿ ಹುಡುಕಿ, ಅದು ಎದುರಾದಾಗ ಏನು ಮಾಡೋದು ಅಂತ ಮೊದಲೇ ಗೊತ್ತು ಮಾಡಿ. ದಾವಣಗೆರೆಯಲ್ಲಿ ತೂಕ ಇಳಿಸುವವರ ಅಡ್ಡಿ ಯಾವುದು ಅಂತ ಹುಡುಕೋಕೆ ಸಂಶೋಧನೆ ಬೇಕಿಲ್ಲ. ಸಂಜೆ ಐದೂವರೆಗೆ ಬಾಣಲೆಯಲ್ಲಿ ಮೆಣಸಿನಕಾಯಿ ಚುಂಯ್ ಅನ್ನುತ್ತದೆ, ಗೆಳೆಯ ಭುಜದ ಮೇಲೆ ಕೈ ಹಾಕಿ "ಬಾರೋ, ಒಂದ್ ಪ್ಲೇಟ್ ಮಿರ್ಚಿ ಮಂಡಕ್ಕಿ" ಅನ್ನುತ್ತಾನೆ. ಆ ಕ್ಷಣದಲ್ಲಿ ನಿಂತು ಯೋಚನೆ ಮಾಡಿದರೆ ನೀವು ಸೋತಂತೆಯೇ. ಮನೆಯಲ್ಲಿ ಹೊಟ್ಟೆ ತುಂಬಿದ್ದಾಗಲೇ ತೀರ್ಮಾನ ಆಗಿರಬೇಕು: ಅವನು ಕರೆದರೆ ಹೋಗ್ತೀನಿ, ಮಂಡಕ್ಕಿ ತಗೋತೀನಿ, ಮಿರ್ಚಿ ಒಂದೇ. ನೀವು ಗಮನಿಸಿ, ಹೋಗೋದೇ ಇಲ್ಲ ಅಂತ ಇಟ್ಟುಕೊಂಡಿಲ್ಲ. ಗೆಳೆಯರನ್ನು ಬಿಡುವ ಗುರಿ ನಮ್ಮೂರಲ್ಲಿ ಒಂದು ವಾರ ಬಾಳೋದಿಲ್ಲ. ಬೆಣ್ಣೆದೋಸೆಗೂ ಇದೇ ನಿಯಮ, ವಾರಕ್ಕೆ ಯಾವ ದಿನ ಅಂತ ಮೊದಲೇ ಹೇಳಿಕೊಂಡುಬಿಡಿ, ಬೆಣ್ಣೆ ಇಲ್ಲದ ಬೆಣ್ಣೆದೋಸೆ ಕೇಳಿ ಸಪ್ಲೈಯರ್ ಮುಖ ಕೆಡಿಸಬೇಡಿ.

ಎಷ್ಟು ದಿನ ಹಿಡಿಯುತ್ತದೆ ಅನ್ನೋದು ಮುಂದಿನ ಪ್ರಶ್ನೆ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ ಹುಟ್ಟಿಕೊಂಡಿದೆ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಹೇಳಿದ್ದು. ಬಾಯಿಂದ ಬಾಯಿಗೆ ದಾಟುವಾಗ "ಕಡಿಮೆ ಅಂದರೂ" ಅನ್ನೋದು ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ 96 ಜನರನ್ನು ಹನ್ನೆರಡು ವಾರ ನೋಡಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಂದು ಕೆಲಸ ಯೋಚನೆಯಿಲ್ಲದೆ ತಾನಾಗಿ ನಡೆಯುವ ಹಾಗಾಗೋಕೆ ನಡು ಅಂದಾಜು 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ, ಹನ್ನೆರಡು ವಾರದ ಲೆಕ್ಕವನ್ನೇ ಮುಂದಕ್ಕೆ ಎಳೆದು ನೋಡಿದರೆ, 254 ಬೇಕಾಗಬಹುದು ಅಂತಲೂ ಬಂತು. ಊಟದ ಜೊತೆ ಒಂದು ಹಣ್ಣು ತಿನ್ನೋದು ಬೇಗ ಕೂರುತ್ತದೆ, ವ್ಯಾಯಾಮ ನಿಧಾನ. ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗಲಿಲ್ಲ. ಉಚ್ಚಂಗಿದುರ್ಗಕ್ಕೆ ಹೋಗಿ ಬಂದಿರಿ, ಮದುವೆ ಬಂತು, ಜ್ವರ ಬಂತು, ತಪ್ಪಿತು. ಮಾರನೇ ದಿನ ಮುಂದುವರಿಸಿ. "ಮತ್ತೆ ಯುಗಾದಿಯಿಂದ ಹೊಸದಾಗಿ ಶುರು ಮಾಡ್ತೀನಿ" ಅಂತ ಕೂರಬೇಡಿ.

ಯುಗಾದಿಯಲ್ಲಿ ಶುರು ಮಾಡೋದು ಕೆಟ್ಟದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬ ಆದ ಮೇಲೆ ಜನ ಜಿಮ್ಮಿಗೆ ಹೋಗೋದು ಜಾಸ್ತಿ ಆಗುತ್ತದೆ ಅಂತ 2014ರ ಒಂದು ಅಧ್ಯಯನ ತೋರಿಸಿದೆ. ಶುರುವಿಗೆ ಒಂದು ನೂಕು ಸಿಗುತ್ತದೆ, ತಗೊಳ್ಳಿ.

ದಿನ ಅಂದಾಜು ಮಾಡುವಾಗ ನಾವೆಲ್ಲ ಧಾರಾಳಿಗಳು. 1994ರ ಒಂದು ಕೆನಡಾದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸುಮಾರು 34 ದಿನದಲ್ಲಿ ಮುಗಿಯುತ್ತದೆ ಅಂದರು. ಎಲ್ಲಾ ಕೆಟ್ಟೇ ಹೋದರೆ ಅಂತ ಕೇಳಿದಾಗ 49 ಅಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55. ಅಂದರೆ ಕೆಟ್ಟದ್ದರ ಅಂದಾಜೂ ಸಾಲಲಿಲ್ಲ. ಚಿತ್ರದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ಭದ್ರಾ ಮೇಲ್ದಂಡೆಯ ನೀರಿಗೆ ಕಾದು ಕಾದು ಅವರು ಅಂದಾಜುಗಳ ವಿಷಯದಲ್ಲಿ ಪಂಡಿತರಾಗಿದ್ದಾರೆ. ಸಿಲಬಸ್ ಮೂರು ತಿಂಗಳಲ್ಲಿ ಮುಗಿಸ್ತೀನಿ ಅನ್ನುವ ಮೊದಲು, ಹಿಂದೆ ಒಂದು ವಿಷಯ ಓದಿ ಮುಗಿಸೋಕೆ ನಿಜವಾಗಿ ಎಷ್ಟು ದಿನ ಆಗಿತ್ತು ಅಂತ ನೋಡಿಕೊಂಡು, ಅದರಿಂದ ಗುಣಿಸಿ. ಮನಸ್ಸು ಹೇಳುವ ಸಂಖ್ಯೆಯನ್ನು ನಂಬಬೇಡಿ.

ಲೆಕ್ಕ ಇಡೋದು ಮಾತ್ರ ತಪ್ಪಿಸಬಾರದು. ಎಲ್ಲಾ ಸಲಹೆಗಳಲ್ಲಿ ಅತಿ ಸಪ್ಪೆಯದು ಇದೇ, ಕೆಲಸಕ್ಕೆ ಬರೋದೂ ಇದೇ. 2016ರಲ್ಲಿ 138 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಎಲ್ಲಿಗೆ ಬಂದೆ ಅಂತ ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟೋದು ಜಾಸ್ತಿ ಅಂತ ಕಂಡಿತು, ಬರೆದಿಟ್ಟರೂ, ಇನ್ನೊಬ್ಬರಿಗೆ ವರದಿ ಒಪ್ಪಿಸಿದರೂ ಇನ್ನೂ ಜಾಸ್ತಿ. ಆ್ಯಪ್ ಬೇಡ. ಅಡುಗೆಮನೆ ಬಾಗಿಲ ಪಕ್ಕ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇದೆಯಲ್ಲ, ಹಾಲು ಎಷ್ಟು ತಗೊಂಡೆವು ಅಂತ ಪೆನ್ನಲ್ಲಿ ಒಂದು, ಅರ್ಧ ಅಂತ ಬರೆದಿರುತ್ತಾರಲ್ಲ, ಅದೇ ಚೌಕದ ಇನ್ನೊಂದು ಮೂಲೆಯಲ್ಲಿ ನಡೆದ ದಿನ ಒಂದು ಗೀಟು ಹಾಕಿ. ಮನೆಯವರೆಲ್ಲ ದಿನಾ ನೋಡುವ ಜಾಗ ಅದು. ನಾಲ್ಕು ದಿನ ಗೀಟು ಇಲ್ಲದಿದ್ದರೆ ನೀವು ಹೇಳದಿದ್ದರೂ ಮಕ್ಕಳು ಕೇಳುತ್ತಾರೆ.

ಇನ್ನೊಬ್ಬರಿಗೆ ಹೇಳುವ ವಿಷಯದಲ್ಲಿ ಒಂದು ಎಚ್ಚರ. ಗೋಲ್‌ವಿಟ್ಜರ್ ಅವರೇ 2009ರಲ್ಲಿ ತೋರಿಸಿದ ಹಾಗೆ, ನಾನು ಇಂಥವನಾಗ್ತೀನಿ ಅಂತ ಹೇಳಿಕೊಂಡು ಎದುರಿನವರು "ಭೇಷ್" ಅಂದರೆ, ಆ ಭೇಷಿನಲ್ಲೇ ಅರ್ಧ ತೃಪ್ತಿ ಸಿಕ್ಕಿ ಕೆಲಸ ಕಮ್ಮಿಯಾಗುವುದುಂಟು. ಕೆಎಎಸ್‌ಗೆ ಓದ್ತಿದೀನಿ ಅಂತ ಊರ ಜಾತ್ರೆಯಲ್ಲಿ ನೆಂಟರಿಗೆಲ್ಲ ಹೇಳಿ ಬಂದರೆ ಆಗೋದು ಇದೇ. ಏನು ಮಾಡ್ತೀನಿ ಅಂತ ಹೊಗಳುವವರಿಗೆ ಹೇಳಬೇಡಿ, ಏನು ಮಾಡಿದೆ ಅಂತ ಬಯ್ಯುವ ಒಬ್ಬರಿಗೆ ವಾರಕ್ಕೊಮ್ಮೆ ಹೇಳಿ. ಅಕ್ಕ ಇದ್ದರೆ ಒಳ್ಳೆಯದು.

ಕೊನೆಗೆ, ಯಾರೂ ಎತ್ತದ ವಿಷಯ ಒಂದಿದೆ: ಗುರಿ ಬಿಡೋದು. ಬಿಟ್ಟವನು ಹೇಡಿ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಕಾರ್ಸ್ಟನ್ ರೋಶ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮುಟ್ಟಲಾಗದ ಗುರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು. ನಮ್ಮಲ್ಲಿ ಐದಾರು ವರ್ಷದಿಂದ ಅದೇ ರೂಮಿನಲ್ಲಿ, ಅದೇ ಮೆಸ್ ಊಟ ಮಾಡುತ್ತಾ, ಮುಂದಿನ ನೋಟಿಫಿಕೇಷನ್ನಿಗೆ ಕಾಯುತ್ತಾ ಕೂತವರು ಇದ್ದಾರೆ. ಅವರು ಸೋಮಾರಿಗಳಲ್ಲ. ಯಾವಾಗ ನಿಲ್ಲಿಸಬೇಕು ಅಂತ ಶುರುವಿನಲ್ಲಿ ಯಾರೂ ಮಾತಾಡಿರಲಿಲ್ಲ, ಈಗ ಹಾಕಿದ ವರ್ಷಗಳ ಲೆಕ್ಕವೇ ಅವರನ್ನು ಹಿಡಿದು ಕೂರಿಸಿದೆ. ಆದ್ದರಿಂದ ಎಷ್ಟು ಸಲ ಬರೀತೀನಿ, ಯಾವ ವರ್ಷದವರೆಗೆ, ಕಟಾಫಿಗೆ ಎಷ್ಟು ಹತ್ತಿರ ಬಂದರೆ ಇನ್ನೊಂದು ಸಲ, ಬರದಿದ್ದರೆ ಯಾವ ಕೆಲಸ ಅಂತ ಮೊದಲ ಅರ್ಜಿ ತುಂಬುವ ದಿನವೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಅಪ್ಪನ ಎದುರು ಈ ಮಾತೆತ್ತೋಕೆ ಹೆದರಿಕೆ ಆದರೆ ಅಮ್ಮನಿಂದ ಶುರು ಮಾಡಿ.